ತೊಳೆಯಬಾರದ ಸ್ಪಂಜು

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಬರುವ ಮಕ್ಕಳು ಬಾಗಿಲಲ್ಲೇ ರಂಪ ತೆಗೆಯುತ್ತಿದ್ದರು. ಕಾಯುವ ಕೋಣೆಯಲ್ಲೊಂದು ಮೀನಿನ ತೊಟ್ಟಿ ಇಟ್ಟರೆ ಹೇಗೆ ಎಂದು ಅವಳು ಊಟಕ್ಕೆ ಕೂತಾಗ ಅಂದಿದ್ದೇ ತಡ, ಮಾವ ಆ ಕೆಲಸವನ್ನು ತಲೆಯ ಮೇಲೆ ಹೊತ್ತುಕೊಂಡರು. ಮೂವತ್ತೈದು ವರ್ಷ ಮನೆಮನೆಗೆ ನಲ್ಲಿ ಕೂರಿಸಿದ ಮನುಷ್ಯ. ನೀರಿನ ವಿಷಯದಲ್ಲಿ ಅವರೆದುರು ಯಾರೂ ಬಾಯಿ ತೆರೆಯುವಂತಿರಲಿಲ್ಲ. ಹಲ್ಲಿನ ವಿಷಯದಲ್ಲಿ ಮಾತ್ರ ಅವರೇ ಬಾಯಿ ತೆರೆಯುತ್ತಿರಲಿಲ್ಲ. ಸೊಸೆಯೇ ಡಾಕ್ಟರಾದರೂ ಅವರ ಮುಂದಿನ ಎರಡು ಹಲ್ಲಿನ ಜಾಗ ಇನ್ನೂ ಖಾಲಿಯೇ ಇತ್ತು.

ನೀರು ಹೊಯ್ದು ಮೀನು ಬಿಟ್ಟರೆ ಮುಗಿಯಿತು ಎಂದು ಅವಳು ತಿಳಿದಿದ್ದಳು. ಮಾವ ಮೊದಲು ಒಂದು ಮರದ ಬೇರನ್ನು ತಂದು ಎರಡು ವಾರ ಬಕೆಟ್ಟಿನಲ್ಲಿ ನೆನೆಹಾಕಿದರು, ತೇಲದಿರಲಿ ಎಂದು. ತೊಟ್ಟಿಯ ತಳಕ್ಕೆ ಕಪ್ಪು ಮಣ್ಣನ್ನು ಹಿಂದೆ ಎತ್ತರ, ಮುಂದೆ ತಗ್ಗು ಮಾಡಿ ಹರಡಿದರು. ಆಮೇಲೆ ಅವಳದೇ ಒಂದು ಚಿಮಟ ಕೇಳಿ ಪಡೆದು, ಕೂದಲೆಳೆಯಂಥ ಹುಲ್ಲನ್ನು ಒಂದೊಂದಾಗಿ ನೆಟ್ಟರು. ನೀರನ್ನು ನೇರ ಸುರಿಯದೆ ಒಂದು ತಟ್ಟೆಯ ಮೇಲೆ ಬಿಟ್ಟರು; ಮಣ್ಣಿನ ಒಂದು ಕಣವೂ ಕದಡಲಿಲ್ಲ. ದಿನವಿಡೀ ಬಾಯೊಳಗೆ ಸೂಕ್ಷ್ಮ ಕೆಲಸ ಮಾಡುವ ಡಾಕ್ಟರಮ್ಮನೇ ಆ ಮುದಿ ಬೆರಳುಗಳನ್ನು ನೋಡಿ ಬೆರಗಾದಳು. ಇಂಥ ಕೈ ತನಗಿದ್ದಿದ್ದರೆ ಎಂದು ಹೊಟ್ಟೆಕಿಚ್ಚೂ ಆಯಿತು.

ಆಮೇಲೆ ಐದು ವಾರ ಮೀನೇ ಇಲ್ಲ. ಬಂದವರೆಲ್ಲ ಮೀನೆಲ್ಲಿ ಎಂದು ಕೇಳಿ ಕೇಳಿ ಅವಳ ತಲೆ ಚಿಟ್ಟುಹಿಡಿಸಿದರು. ಮಾವ ಸೊಪ್ಪು ಹಾಕಲಿಲ್ಲ. ಗಿಡ ಬೇರು ಬಿಡಬೇಕು, ನೀರು ಹದಕ್ಕೆ ಬರಬೇಕು, ಮೀನಿನ ಹೊಲಸನ್ನು ತಿಂದು ನೀರನ್ನು ಕಾಯುವ ಕಣ್ಣಿಗೆ ಕಾಣದ ಜೀವಗಳು ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಬೇಕು ಎಂದು ವಿವರಿಸಿದರು. ಅವಳು ಆಗ ಯಾರದೋ ದವಡೆಯಲ್ಲಿ ಮುಳುಗಿದ್ದಳು. ಹೂಂ ಹೂಂ ಎಂದಳು, ಅಷ್ಟೆ.

ಕೊನೆಗೆ ಹನ್ನೆರಡು ಮೀನು ಬಂದವು. ಮಾವ ಮನೆಯ ಜಾಡಿಯಲ್ಲಿ ಮೊಟ್ಟೆಯಿಂದ ಸಾಕಿ ದೊಡ್ಡದು ಮಾಡಿದವು. ಒಂದೊಂದರ ಗುಣವೂ ಅವರಿಗೆ ಗೊತ್ತು. ಹಸಿರು ಹುಲ್ಲಿನ ಮೇಲೆ ಅವು ಗುಂಪಾಗಿ ತಿರುಗುವಾಗ, ಅಳುತ್ತ ಬಂದ ಮಕ್ಕಳು ಗಾಜಿಗೆ ಮೂಗೊತ್ತಿ ಸುಮ್ಮನಾಗುತ್ತಿದ್ದರು.

ಮೀನು ಬಂದ ಮೂರನೇ ವಾರ, ಮಾವನಿಗೆ ಮಂಡಿನೋವು ಎಂದು ಡಾಕ್ಟರಮ್ಮನೇ ಫಿಲ್ಟರ್ ಬಿಚ್ಚಿದಳು. ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಲೋಳೆಲೋಳೆಯಾಗಿತ್ತು. ಅವಳಿಗೆ ಹೇಸಿಗೆಯೆನಿಸಿತು. ಸೋಪು ಹಾಕಿ ಉಜ್ಜಿದಳು, ಸಾಲದೆಂದು ಇಕ್ಕಳ, ಕನ್ನಡಿಗಳ ಜೊತೆ ಬಿಸಿಹಬೆಯ ಯಂತ್ರಕ್ಕೂ ಹಾಕಿದಳು. ಯಂತ್ರ ನಿಂತು, ಬೆಳ್ಳಗಾದ ಸ್ಪಂಜು ಕೈಗೆ ಬಂದಾಗಲೇ ಮಾವನ ಮಾತು ನೆನಪಾದದ್ದು. ನೀರು ಕಾಯುವ ಜೀವಗಳನ್ನೆಲ್ಲ ತಾನೇ ಬೇಯಿಸಿದ್ದಳು. ಇನ್ನು ನೀರು ಕೆಟ್ಟು ಮೀನುಗಳು ಸತ್ತರೆ ಮಾವನಿಗೆ ಏನೆಂದು ಮುಖ ತೋರಿಸುವುದು?

ಎರಡು ದಿನ ಅವಳು ಒಬ್ಬ ರೋಗಿಗೂ ಇನ್ನೊಬ್ಬನಿಗೂ ನಡುವೆ ಓಡಿಬಂದು ಮೀನು ಎಣಿಸಿದಳು. ಪ್ರತಿಸಲವೂ ಹನ್ನೆರಡು. ಮೂರನೇ ದಿನ ಕುಂಟುತ್ತ ಬಂದ ಮಾವನ ಮುಂದೆ ತಲೆ ತಗ್ಗಿಸಿ, ಬೆಂದ ಸ್ಪಂಜನ್ನು ಹಿಡಿದು ಎಲ್ಲವನ್ನೂ ಒಪ್ಪಿಕೊಂಡಳು.

ಮಾವ ಬೈಯಲಿಲ್ಲ. ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿ, ಮರದ ಬೇರಿನ ಹಿಂದಿನಿಂದ ಇನ್ನೊಂದು ಸ್ಪಂಜನ್ನು ಮೇಲೆತ್ತಿದರು. ಗಾಳಿಯ ಸಣ್ಣ ಕೊಳವೆಗೆ ಸಿಕ್ಕಿಸಿದ್ದ ಅದು ಕಂದು ಬಣ್ಣದ್ದು, ಲೋಳೆಲೋಳೆಯದ್ದು. ಅಲ್ಲಿಂದ ಏಳುವ ಗುಳ್ಳೆಗಳನ್ನು ಅವಳು ಇಷ್ಟು ದಿನ ಅಲಂಕಾರ ಎಂದುಕೊಂಡಿದ್ದಳು.

“ಆ ಜೀವಗಳಿಗೆ ಇನ್ನೊಂದು ಮನೆ ಇರ್ಲಿ ಅಂತ ಮೊದಲ್ನೇ ದಿನಾನೇ ಇಟ್ಟಿದ್ದೆ ಕಣಮ್ಮ,” ಎಂದರು ಮಾವ. “ಮದುವೆಯಾಗಿ ಬಂದ ವಾರ ನನ್ನ ಕಾಫಿ ಲೋಟ ಮೂರು ಸಲ ತೊಳೆದವಳು ನೀನು. ಫಿಲ್ಟರಿನ ಸ್ಪಂಜನ್ನ ಸುಮ್ನೆ ಬಿಡ್ತೀಯಾ?”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ತನ್ನನ್ನು ಇಷ್ಟು ಚೆನ್ನಾಗಿ ಬಲ್ಲವರು ತನ್ನ ತವರಿನಲ್ಲೂ ಇರಲಿಲ್ಲ. ಕೈಗವಸು ತೆಗೆದು ಮೇಜಿನ ಮೇಲಿಟ್ಟು, ಆ ಕೊಳಕು ಸ್ಪಂಜನ್ನು ಬರಿಗೈಯಲ್ಲಿ ಇಸಿದುಕೊಂಡು, ಹಿಂಡದೆ, ತೊಳೆಯದೆ, ಇದ್ದ ಜಾಗದಲ್ಲೇ ಮತ್ತೆ ಇಟ್ಟಳು.