ಆಯಿಯ ಕರಿ ಲಿಂಬಿಕಾಯಿ

ಜಾನಕಿಬಾಯಿ ತೀರಿಕೊಂಡ ಮೇಲೆ ಬಂಗಾರ, ಸೀರೆಗಳನ್ನು ಸಿಂದಗಿಯ ಸೊಸೆಯಂದಿರು ಹಂಚಿಕೊಂಡರು. ತವರೂರು ಇಂಡಿಯಲ್ಲೇ ಮದುವೆಯಾಗಿ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಮಗಳು ಗೌತಮಿ ಕೇಳಿ ತಂದದ್ದು ಒಂದು ಚೀನಿ ಭರಣಿ ಮಾತ್ರ. ತಾಯಿಯನ್ನು ಅವಳು ಆಯಿ ಎನ್ನುತ್ತಿದ್ದಳು. ಅವಳು ಹುಟ್ಟಿದ ವರ್ಷ ಆಯಿ ಉಪ್ಪು ಹಾಕಿಟ್ಟ ಲಿಂಬಿಕಾಯಿ ಅದರ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಹಳದಿ ಬಣ್ಣ ಎಂದೋ ಹೋಗಿ, ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿತ್ತು.

ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಆಯಿ ಅದರ ಚೂರೊಂದನ್ನು ಗಂಜಿಗೆ ಹಾಕಿ ಕಳಿಸುತ್ತಿದ್ದಳು. ಗೌತಮಿ ಮಾತ್ರ ಯಾರಿಗೂ ಕೊಡಲಿಲ್ಲ. ಗಂಡ ಪಾರ್ಥ ಕಾಮಾಲೆಯಾಗಿ ಮಲಗಿದಾಗಲೂ ಅಂಗಡಿಯ ಉಪ್ಪಿನಕಾಯಿಯನ್ನೇ ಬಡಿಸಿದ್ದಳು. ಆಗಾಗ ಭರಣಿಯ ಬಟ್ಟೆ ಬಿಚ್ಚಿ ವಾಸನೆ ನೋಡಿ, ಮತ್ತೆ ಕಟ್ಟಿಡುತ್ತಿದ್ದಳು.

ಒಂದು ಸಂಜೆ, ತವರಿನ ಓಣಿಯ ಇಸ್ಮಾಯಿಲ ಬಂದು ಬಾಗಿಲಲ್ಲೇ ನಿಂತ. ಆಯಿ ಲಿಂಬಿಕಾಯಿ ಕೊಳ್ಳುತ್ತಿದ್ದದ್ದು ಅವನ ತೋಟದಿಂದಲೇ. ಅವನ ಮಗಳು ಸುಲ್ತಾನಾ ಗೌತಮಿಯ ಕೈಯಲ್ಲಿ ಗಣಿತ ಕಲಿತವಳು.

"ಅಕ್ಕಾರ, ಸುಲ್ತಾನಾನ ದವಾಖಾನಿಯಿಂದ ಕರಕೊಂಡ ಬಂದೇವ್ರಿ. ಇನ್ನ ಮನ್ಯಾಗ ಇಟ್ಕೊಂಡು ನೋಡ್ಕೋರಿ ಅಂದಾರ. ಏನ್ ಕೊಟ್ರೂ ಮಣ್ಣ ತಿಂದಂಗ ಆಗತೈತಿ ಅಂತಾಳ. ಜಾನಕಿಬಾಯಾರ ಲಿಂಬಿಕಾಯಿ ಬೇಡಾಕತ್ತಾಳ. ಒಂದ್ ಚೂರ ಇದ್ರ..."

"ಅದು ಮುಗದ ಹೋತ್ರಿ ಕಾಕಾ."

"ಇರ್ಲಿ ಬಿಡ್ರಿ" ಎಂದು ಅವನು ಚಪ್ಪಲಿ ಮೆಟ್ಟಿಕೊಂಡು ಹೋದ.

ಪಾರ್ಥ ಒಳಗಿನಿಂದ ಬಂದ. "ಭರಣ್ಯಾಗ ಇನ್ನೂ ಅದಲ್ಲ, ಯಾಕ ಇಲ್ಲಂದಿ?"

"ತಳದಾಗ ಒಂದೀಟ ಅದ. ಕೊಟ್ಕೋತ ಹೋದ್ರ ನನಗೇನ ಉಳೀತದ್ರಿ? ನನ್ನ ಕಡೆ ಆಯಿದು ಮತ್ತೇನದ?"

ರಾತ್ರಿ ಊಟಕ್ಕೆ ಕೂತಾಗ ಪಾರ್ಥ ಅಂಗಡಿಯ ಉಪ್ಪಿನಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿಟ್ಟ. ಗೌತಮಿ ಅರ್ಧಕ್ಕೇ ಎದ್ದು ಕೈ ತೊಳೆದಳು.

ಮರುದಿನ ಶಾಲೆ ಬಿಟ್ಟ ಮೇಲೆ ಅವಳು ವಾಟಿ ಬಟ್ಟಲೊಂದರಲ್ಲಿ ಲಿಂಬಿಕಾಯಿ ಹಾಕಿಕೊಂಡು ಇಸ್ಮಾಯಿಲನ ಮನೆಗೆ ಹೋದಳು. ಅವನು ಏನನ್ನೂ ಕೇಳದೆ ಕುರ್ಚಿ ಸರಿಸಿದ. ಸುಲ್ತಾನಾ ಗುರುತು ಸಿಗದಷ್ಟು ಇಳಿದುಹೋಗಿದ್ದಳು. ಗೌತಮಿ ಒಂದು ಚೂರನ್ನು ಅವಳ ನಾಲಿಗೆಯ ಮೇಲಿಟ್ಟಳು. ಹುಡುಗಿ ಕಣ್ಣು ಗಟ್ಟಿಯಾಗಿ ಮುಚ್ಚಿದಳು.

"ಹುಳಿ ಐತ್ರಿ ಅಕ್ಕಾರ!" ಎಂದು ನಕ್ಕಳು. ಅವತ್ತು ಅರ್ಧ ಬಟ್ಟಲು ಗಂಜಿ ಕುಡಿದಳು. ಇಸ್ಮಾಯಿಲ ಮುಖ ತಿರುಗಿಸಿಕೊಂಡು ಹೊರಗೆ ಹೋದ.

ಅಂದಿನಿಂದ ಗೌತಮಿ ದಿನಾ ಹೋದಳು. ಭರಣಿ ಬರಿದಾಯಿತು; ಉಳಿದ ಚೂರುಗಳ ವಾಟಿ ಅವರ ಮನೆಯಲ್ಲೇ ಇತ್ತು. ಆಮೇಲೊಂದು ದಿನ ಸುಲ್ತಾನಾ ಬಾಯಿ ತೆರೆಯಲಿಲ್ಲ. "ಈಗ ಇದೂ ಏನೂ ಅನಸವಲ್ತು ಅಕ್ಕಾರ. ಸಾಕ್ರಿ." ಮಳೆಗಾಲಕ್ಕೆ ಮೊದಲೇ ಅವಳು ಹೋಗಿಬಿಟ್ಟಳು.

ಅವಳನ್ನು ಮಣ್ಣು ಮಾಡಿದ ಕೆಲವು ದಿನಗಳ ಮೇಲೆ ಇಸ್ಮಾಯಿಲ ವಾಟಿ ಕೊಡಲು ಬಂದ. ತಳದಲ್ಲಿ ಒಂದು ಚೂರು ಉಳಿದಿತ್ತು.

"ಚೆಲ್ಲಾಕ ಮನಸ್ಸಾಗಲಿಲ್ರಿ" ಎಂದ. ಚಪ್ಪಲಿ ಮೆಟ್ಟಿಕೊಳ್ಳುತ್ತ, "ಅವತ್ತ ನಿಮ್ಮ ಕಡೆ ಐತಿ ಅನ್ನೂದು ನನಗ ಗೊತ್ತಿತ್ರಿ. ನಾ ಕೇಳಬಾರದಿತ್ತೇನೋ ಅಂದ್ಕೊಂಡೆ" ಎಂದ.

ಗೌತಮಿ ವಾಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವನು ಹೋದ ಮೇಲೆ ಆ ಚೂರನ್ನು ಭರಣಿಗೆ ಹಾಕಲಿಲ್ಲ. ಬಿಸಿ ಅನ್ನಕ್ಕೆ ಕಲಸಿ, ಪಾರ್ಥನಿಗೊಂದು ಪಾಲು ಬಡಿಸಿ ತಾನೂ ಕೂತಳು. ಉಪ್ಪು, ಹುಳಿ, ಕೊನೆಗೊಂದಿಷ್ಟು ಕಹಿ.

"ಆಯಿ ಇದರಾಗ ಇದ್ದಾಳಂತ ತಿಳಕೊಂಡಿದ್ದೆ" ಎಂದಳು. "ಬರೇ ಲಿಂಬಿಕಾಯಿ ಅದ ನೋಡ್ರಿ."

"ಸುಲ್ತಾನಾಗ ರುಚಿ ಹತ್ತಿತ್ತಲ್ಲ" ಎಂದ ಪಾರ್ಥ.

"ನಾಕ ದಿನ."

ಅವಳಿಗೆ ಅಳು ಈಗ ಬಂತು, ಬಾಯಲ್ಲಿ ಅನ್ನ ಇದ್ದಂತೆಯೇ. ಪಾರ್ಥ ನೀರಿನ ತಂಬಿಗೆಯನ್ನು ಅವಳ ಹತ್ತಿರ ಸರಿಸಿ, ಕೈ ತೊಳೆಯದೆ ಹಾಗೇ ಕೂತಿದ್ದ.