ಮಾವನ ರಿವಾಲ್ವರ್, ಸೊಸೆಯ ಸೊಂಟ

ಚಿನ್ನದಂಗಡಿಯ ಬಾಗಿಲು ಕಾಯುವ ಹೆಂಗಸಿಗೆ ಕಳ್ಳರ ಭಯ ಅಷ್ಟಾಗಿ ಇರಲಿಲ್ಲ, ತುಕ್ಕಿನ ಭಯ ಇತ್ತು. ಕಳ್ಳ ಬಂದರೆ ಮುಖ ಮುಚ್ಚಿಕೊಂಡಾದರೂ ಬಾಗಿಲಲ್ಲೇ ಬರಬೇಕು. ಈ ತುಕ್ಕು ಯಾವಾಗ ಬರುತ್ತದೆ, ಯಾವ ಕಡೆಯಿಂದ ಬರುತ್ತದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದರೂ ತಿಳಿಯುತ್ತಿರಲಿಲ್ಲ.

ಅವಳ ಸೊಂಟದಲ್ಲಿದ್ದ ರಿವಾಲ್ವರ್ ಮಾವನದು. ಅದನ್ನು ಕಟ್ಟಿಕೊಂಡು ಅದೇ ಅಂಗಡಿಯ ಅದೇ ಬಾಗಿಲಲ್ಲಿ ನಿಂತು ಅವರು ಕೂದಲು ಬೆಳ್ಳಗೆ ಮಾಡಿಕೊಂಡಿದ್ದರು. ಮಂಡಿನೋವು ಜಾಸ್ತಿಯಾಗಿ ಮನೆ ಹಿಡಿದಾಗ ಲೈಸೆನ್ಸಿನಲ್ಲಿ ತಮ್ಮ ಹೆಸರಿನ ಪಕ್ಕ ಸೊಸೆಯ ಹೆಸರನ್ನೂ ಸೇರಿಸಿದರು. ಮಗನ ಹೆಸರು ಯಾಕೆ ಬೇಡ ಎಂದು ನೆಂಟರು ಮೂಗು ಮುರಿದರು. "ಅವನಿಗೆ ಬಲೂನು ಒಡೆದ್ರೇ ಚಳಿಜ್ವರ ಬರುತ್ತೆ" ಎಂದರು ಮಾವ. ಮಗರಾಯ ನಕ್ಕು ಒಪ್ಪಿಕೊಂಡು ತನ್ನ ಲಾರಿ ಹತ್ತಿ ಹೋದ. ಅವನಷ್ಟು ಜಾಣ ಆ ಮನೆಯಲ್ಲಿ ಇನ್ನೊಬ್ಬರಿಲ್ಲ.

ರಿವಾಲ್ವರ್ ಬಂದಮೇಲೆ ಅದರ ಹಿಂದೆಯೇ ಬೋಧನೆಯೂ ಬಂತು.

"ಈ ನೀಲಿಗಪ್ಪು ಇದೆಯಲ್ಲಮ್ಮ, ಇದು ಬಳಿದಿರೋ ಬಣ್ಣ ಅಂದ್ಕೋಬೇಡ. ಉಕ್ಕನ್ನ ಔಷಧಿ ನೀರಲ್ಲಿ ಕುದಿಸಿ ಬರಿಸಿರೋ ಚರ್ಮ. ಚರ್ಮ ಅಂದ್ಮೇಲೆ ಎಣ್ಣೆ ಬೇಕು. ಜಾಸ್ತಿ ಹಾಕಿದ್ರೆ ಧೂಳು ಕೂರುತ್ತೆ, ಗುಂಡಿನೊಳಗೆ ಇಳಿದ್ರೆ ಗುಂಡು ಠುಸ್ ಅನ್ನುತ್ತೆ. ಕಮ್ಮಿ ಹಾಕಿದ್ರೆ ತುಕ್ಕು. ಎಳೆ ಮಗೂಗೆ ಹಚ್ಚಿದ ಹಾಗೆ ಹಚ್ಚಬೇಕು."

"ನೀವು ಎಷ್ಟು ಮಕ್ಕಳಿಗೆ ಹಚ್ಚಿದೀರಿ?" ಎಂದು ಅತ್ತೆ ಅಡುಗೆಮನೆಯಿಂದ ಕೇಳುತ್ತಿದ್ದರು. ಮಾವನಿಗೆ ಅದು ಕೇಳಿಸುತ್ತಿರಲಿಲ್ಲ. ಬೇಕೆಂದಾಗ ಮಂದವಾಗುವ ಕಿವಿ ಎಲ್ಲರಿಗೂ ಸಿಗುವಂಥದ್ದಲ್ಲ.

"ನನ್ನ ಕಾಲದಲ್ಲಿ ಒಂದು ಚುಕ್ಕೆ ತುಕ್ಕು ಇರಲಿಲ್ಲ" ಎಂಬ ಮಾತಿಲ್ಲದೆ ಅವರ ಬೋಧನೆ ಮುಗಿಯುತ್ತಿರಲಿಲ್ಲ. ಅದು ಸುಳ್ಳೂ ಆಗಿರಲಿಲ್ಲ. ತಿಂಗಳಿಗೊಮ್ಮೆ ಅಂಗಡಿಗೆ ಬಂದು ಕಾವಲಿನವರ ಆಯುಧ ನೋಡಿಹೋಗುವ ಬಂದೂಕು ರಿಪೇರಿಯ ಮುದುಕರೂ ಅದನ್ನೇ ಹೇಳುತ್ತಿದ್ದರು. ಅವಳಿಗೆ ಉರಿಯುತ್ತಿದ್ದುದೇ ಅಲ್ಲಿ. ಮಾವನ ಕೈಯಲ್ಲಿ ಇಷ್ಟು ವರ್ಷ ಥಳಥಳ ಅಂದದ್ದು ತನ್ನ ಕೈಗೆ ಬಂದಕೂಡಲೇ ಮುನಿಸಿಕೊಂಡಿತ್ತು. ಗುಂಡು ತುಂಬುವ ಉರುಳೆಯ ಹಿಂದೆ, ಎಡಗಡೆಯ ಚಪ್ಪಟೆ ಜಾಗದಲ್ಲಿ, ದಿನಾ ಸಂಜೆ ಕಂದು ಮಬ್ಬು. ಒರೆಸಿದರೆ ಹೋಗುತ್ತಿತ್ತು, ಹೋಗುವಾಗ ಒಂದಿಷ್ಟು ನೀಲಿಯನ್ನೂ ಜೊತೆಗೆ ಒಯ್ಯುತ್ತಿತ್ತು. ಮಾರನೇ ಸಂಜೆ ಮತ್ತೆ ಹಾಜರು.

ಮುದುಕರ ತಿಂಗಳ ಪರೀಕ್ಷೆಯಲ್ಲಿ ಆಗಲೇ ಎರಡು ಸಲ ಸಿಕ್ಕಿಬಿದ್ದಿದ್ದಳು. ಎರಡನೇ ಸಲ ಅಂಗಡಿಯ ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕ ಮೇಜಿಗೆ ಬಂತೆಂದರೆ ಮಾತು ಗಟ್ಟಿ ಎಂದರ್ಥ.

"ನೋಡಮ್ಮ, ಇನ್ನೊಂದು ಸಲ ತುಕ್ಕು ಕಂಡ್ರೆ ಅದನ್ನ ಮನೇಲಿಟ್ಟು ಬಾ. ಒಳಗೆ ಬ್ಯಾಗ್ ಇಟ್ಕೊಂಡು ಟೋಕನ್ ಕೊಡೋ ಕೆಲಸ ಮಾಡು."

ಟೋಕನ್ನು! ಮೊದಮೊದಲು ಬಾಗಿಲಲ್ಲಿ ಅವಳನ್ನು ಕಂಡು ಗಿರಾಕಿಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದರು. ಈಗ ಅದೇ ಜನ ತಮ್ಮ ಮಕ್ಕಳನ್ನು ಕರೆತಂದು "ಆಂಟಿಗೆ ಸೆಲ್ಯೂಟ್ ಹೊಡಿ" ಎನ್ನುತ್ತಿದ್ದರು. ಆ ಬಾಗಿಲು ಅವಳಿಗೆ ತುಂಬ ಇಷ್ಟವಾಗಿತ್ತು. ಅದನ್ನು ಬಿಟ್ಟು ಹೋಗುವ ಯೋಚನೆ ಬಂದರೇ ಅಳು ಬರುತ್ತಿತ್ತು.

ಅಂದಿನಿಂದ ಯುದ್ಧವೇ ಶುರುವಾಯಿತು. ಚರ್ಮದ ಒರೆ ಬೆವರು ಕುಡಿಯುತ್ತದೆಂದು ಮನೆಗೆ ಬಂದೊಡನೆ ರಿವಾಲ್ವರನ್ನು ಹೊರತೆಗೆದಳು, ಒರೆಯನ್ನು ಗಾಳಿಗೆ ತೂಗುಹಾಕಿದಳು. ಗುಂಡುಗಳನ್ನು ಬೇರೆ ಡಬ್ಬಿಯಲ್ಲಿಟ್ಟು ಬೀಗ ಹಾಕಿ, ಹಳೇ ಬನಿಯನ್ ಬಟ್ಟೆಯಲ್ಲಿ ಉಕ್ಕನ್ನು ಒರೆಸಿ, ಎಣ್ಣೆ ಸವರಿ, ಮತ್ತೆ ಒರೆಸಿ, ಮೇಲೆ ತೆಳ್ಳಗೆ ಮೇಣ ತಿಕ್ಕಿದಳು. ಬೀರುವಿನಲ್ಲಿ ತೇವ ಹೀರಲಿ ಎಂದು ಪಕ್ಕದ ಚಪ್ಪಲಿ ಅಂಗಡಿಯಿಂದ ಡಬ್ಬಿಗಳೊಳಗೆ ಬರುವ ಪುಟ್ಟ ಪೊಟ್ಟಣಗಳನ್ನು ಕೇಳಿ ತಂದಳು.

"ಏನಕ್ಕಾ, ಚಪ್ಪಲಿ ಬೇಡ, ಪೊಟ್ಟಣ ಮಾತ್ರ ಬೇಕಾ? ಸಾರಿಗೆ ಹಾಕ್ತೀರಾ?" ಎಂದ ಅಂಗಡಿಯವನು.

"ನನ್ನ ಮಗನಿಗೆ ಜ್ವರ ಬಂದಾಗಲೂ ಇವಳು ಇಷ್ಟು ಓಡಾಡಿರಲಿಲ್ಲ" ಎಂದು ಅತ್ತೆ ಗೋಡೆಗೆ ಹೇಳಿದರು. ಮಾವ ಮಾತ್ರ ಕುರ್ಚಿಯಲ್ಲಿ ಕೂತು ಎಲ್ಲಕ್ಕೂ ತಲೆಯಾಡಿಸುತ್ತ, ಎಲ್ಲದರಲ್ಲೂ ಒಂದು ಕೊಂಕು ತೆಗೆದರು. ಇಷ್ಟಾದರೂ ಸಂಜೆಯಾದರೆ ಕಂದು ಮಬ್ಬು ಅದೇ ಜಾಗದಲ್ಲಿ ಅವಳನ್ನು ನೋಡಿ ನಗುತ್ತಿತ್ತು.

ಪರೀಕ್ಷೆಯ ದಿನ ಮಾವ ಇಸ್ತ್ರಿ ಅಂಗಿ ತೊಟ್ಟು ತಾವೂ ಹೊರಟರು. "ನಾನಿದ್ರೆ ನಿನಗೆ ಧೈರ್ಯ" ಎಂದರು. ಹಳೇ ಅಂಗಡಿಯಲ್ಲಿ ನಾಲ್ಕು ಜನ ನಮಸ್ಕಾರ ಹೇಳಿದರೆ ಅವರ ಮಂಡಿನೋವೂ ಕಡಿಮೆಯಾಗುತ್ತಿತ್ತು ಅನ್ನುವುದು ಬೇರೆ ಮಾತು.

ಯಜಮಾನರ ಕೋಣೆಯಲ್ಲಿ ರಿಪೇರಿಯ ಮುದುಕರು ರಿವಾಲ್ವರನ್ನು ಬಿಚ್ಚಿ, ಕೊಳವೆಯೊಳಗೆ ಇಣುಕಿ, "ಭೇಷ್" ಎಂದರು. ಉರುಳೆ ತಿರುಗಿಸಿ ಇನ್ನೊಂದು ಸಲ "ಭೇಷ್" ಎಂದರು. ಮಾವ ಮೀಸೆ ಮುಟ್ಟಿಕೊಂಡರು. ಆಮೇಲೆ ಮುದುಕರು ಎಡಗಡೆಗೆ ಹೊರಳಿಸಿ ಭೂತಗನ್ನಡಿ ಹಿಡಿದರು. ಭೇಷ್ ಬರಲಿಲ್ಲ.

"ಇದು ಹವೆಯ ತುಕ್ಕಲ್ಲ ಸ್ವಾಮಿ. ಹೆಬ್ಬೆರಳು. ಗೆರೆ ಕೂಡ ಕಾಣುತ್ತೆ. ಕೆಲವರ ಬೆವರೇ ಹಾಗೆ, ಉಪ್ಪು ಜಾಸ್ತಿ. ಬೆಳಿಗ್ಗೆ ಮುಟ್ಟಿದ ಉಕ್ಕು ಮಧ್ಯಾಹ್ನಕ್ಕೆ ಕೆಂಪಗಾಗುತ್ತೆ."

ಯಜಮಾನರ ಕನ್ನಡಕ ಮೇಜಿಗೆ ಬಂತು. "ಯಾರ ಹೆಬ್ಬೆರಳು?"

ಅವಳು ಬಗ್ಗಿ ಭೂತಗನ್ನಡಿಯಲ್ಲಿ ನೋಡಿದಳು. ಅಗಲವಾದ, ಚಪ್ಪಟೆ ಗುರುತು. ತನ್ನ ಎರಡು ಬೆರಳು ಸೇರಿಸಿದರೂ ಅಷ್ಟು ಅಗಲ ಬರದು. ಆ ಹೆಬ್ಬೆರಳನ್ನು ಅವಳು ದಿನಾ ನೋಡುತ್ತಿದ್ದಳು, ಊಟದ ತಟ್ಟೆಯ ಅಂಚಿನಲ್ಲಿ. ಸಿಟ್ಟು ಬಂತು. ಆದರೆ ಮಾವ ನಿಂತಿದ್ದದ್ದು ಅವರ ಮಾತಿಗೆ ಬೆಲೆಯಿದ್ದ ಒಂದೇ ಒಂದು ಕೋಣೆಯಲ್ಲಿ.

"ನಂದೇ ಸಾರ್. ಅವಸರದಲ್ಲಿ ಒರೆಸೋದು ಮರೆತೆ" ಎಂದಳು. ಹೇಳುವಾಗಲೇ ಬಾಗಿಲು ಕೈತಪ್ಪಿಹೋದದ್ದು ಅವಳಿಗೆ ಗೊತ್ತಾಯಿತು.

ಮಾವ ಮೇಜಿನ ಹತ್ತಿರ ಬಂದರು. ಭೂತಗನ್ನಡಿ ಇಸಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಹೆಬ್ಬೆರಳನ್ನು ಆ ಗುರುತಿನ ಪಕ್ಕಕ್ಕೆ ತಂದು ಹಿಡಿದರು. ಅಳತೆ ಕೊಟ್ಟು ಮಾಡಿಸಿದಂತಿತ್ತು.

"ಅವಳ್ದಲ್ಲ. ನಂದು. ಅವಳು ಸ್ನಾನಕ್ಕೆ ಹೋದಾಗ ದಿನಾ ಒಂದು ಸಲ ಹಿಡ್ಕೊಂಡು ನೋಡ್ತೀನಿ. ಬೆಳಿಗ್ಗೆ ಎದ್ರೆ ಸೊಂಟ ಖಾಲಿ ಅನ್ಸುತ್ತೆ ಸ್ವಾಮಿ." ಅವರ ದನಿ ಸಣ್ಣದಾಯಿತು. "ಆ ಹುಡುಗಿ ತಪ್ಪು ಇಲ್ಲ. ಅವಳನ್ನ ಬಾಗಿಲಿಂದ ತೆಗೀಬೇಡಿ."

ಯಜಮಾನರು ಕನ್ನಡಕ ಹಾಕಿಕೊಂಡರು. "ಸರಿ, ಅವಳು ಅಲ್ಲೇ ಇರಲಿ. ಆದ್ರೆ ನೀವಿನ್ನು ಅದನ್ನ ಮುಟ್ಟೋ ಹಾಗಿಲ್ಲ."

ಮಾವ ಬೈಸಿಕೊಂಡ ಮಗುವಿನ ಹಾಗೆ ತಲೆಯಾಡಿಸಿದರು.

ಸಂಜೆ ಮನೆಗೆ ನಡೆಯುವಾಗ ಬೋಧನೆ ಇರಲಿಲ್ಲ. ಬೀದಿಯ ತಿರುವಿನಲ್ಲಿ ಮಾವ ಥಟ್ಟನೆ ನಿಂತರು.

"ಅಲ್ಲಮ್ಮ, ನನ್ನ ಕೈ ಆಗಲೂ ಇದೇ ಕೈ ಅಲ್ವಾ? ದಿನಾ ಮುಟ್ಟುತಿದ್ದೆ. ಆಗ ಯಾಕೆ ತುಕ್ಕು ಬರಲಿಲ್ಲ?"

ಉತ್ತರ ಗೊತ್ತಿದ್ದವರು ಮನೆಯಲ್ಲಿ ಮಣೆಯ ಮೇಲೆ ಕೂತು ಆಲೂಗಡ್ಡೆ ಹೆಚ್ಚುತ್ತಿದ್ದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡ ಅತ್ತೆ ಚಾಕು ನಿಲ್ಲಿಸಲಿಲ್ಲ.

"ಇನ್ನೂ ಅದನ್ನ ಕದ್ದು ಮುಟ್ಟುತಿದೀರಾ? ನನಗೆ ಗೊತ್ತಿದ್ರೆ ಈ ಹುಡುಗೀಗೆ ಯಾವತ್ತೋ ಹೇಳ್ತಿದ್ದೆ."

"ಏನಂತ?"

"ನಿಮ್ಮ ಕೈ ಸಮಾಚಾರ. ಬಾಗಿಲ ಚಿಲಕ, ಕತ್ತರಿ, ಕೊಡೆ ಕಡ್ಡಿ, ನೀವು ಮುಟ್ಟಿದ್ದು ಯಾವುದು ಉಳಿದಿದೆ ಈ ಮನೇಲಿ? ನಾನೊಬ್ಬಳು ಕಬ್ಬಿಣ ಅಲ್ಲ ಅಂತ ಉಳ್ಕೊಂಡಿದೀನಿ. ನೀವು ಒರೆಸಿ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗ್ತಿದ್ರಲ್ಲ, ಆಗ ಹೊಲಿಗೆ ಮಿಷನ್ ಎಣ್ಣೆ ಹಾಕಿ ನಾನು ಮತ್ತೆ ಒರೆಸಿ ಚರ್ಮದ ಒರೆಗೆ ಸೇರಿಸ್ತಿದ್ದೆ."

"ದಿನಾನಾ?"

"ತುಕ್ಕು ರಜಾ ತಗೊಳ್ಳುತ್ತಾ?"

ಸೊಸೆಗೆ ನಗು ಉಕ್ಕಿತು. ಮಾವನ ಮುಖ ನೋಡಿ ತುಟಿ ಕಚ್ಚಿಕೊಂಡಳು. ಇಡೀ ಜೀವಮಾನದ ಹೆಮ್ಮೆ ಅಡುಗೆಮನೆಯ ನೆಲದ ಮೇಲೆ ಆಲೂಗಡ್ಡೆ ಸಿಪ್ಪೆಯ ಜೊತೆ ಬಿದ್ದಿತ್ತು.

"ಒಂದು ಮಾತು ಹೇಳಬಾರದಿತ್ತಾ?" ಎಂದರು ಮಾವ.

ಅತ್ತೆ ಈಗ ತಲೆಯೆತ್ತಿದರು. ಕೊಂಕು ಇರಲಿಲ್ಲ.

"ಹೇಳಿದ್ರೆ ನೀವು ಬೇಜಾರು ಮಾಡ್ಕೊಂಡು ಕೆಲಸಕ್ಕೆ ಹೊರಡ್ತಿದ್ರಿ. ಒರೆಸದೆ ಬಿಟ್ಟು, ಯಾವತ್ತೋ ಒಂದಿನ ಅದು ಬೇಕಾಗಿ, ಆ ಹೊತ್ತಿಗೇ ಅದು ಕೈಕೊಟ್ರೆ? ಸಂಜೆ ನೀವು ಮನೆಗೆ ಬರಬೇಕಿತ್ತು. ನನಗೆ ಅಷ್ಟೇ ಬೇಕಾಗಿದ್ದದ್ದು."

ಮಾವ ಮಂಡಿ ಹಿಡಿದುಕೊಂಡು ನಿಧಾನವಾಗಿ ಅವರ ಪಕ್ಕ ನೆಲದ ಮೇಲೆ ಕೂತರು. ತಾವೂ ಹೆಚ್ಚುತ್ತೇನೆಂದು ಕೈ ಚಾಚಿದರು.

"ಚಾಕು ಮುಟ್ಟಬೇಡಿ, ಹೊಸದು" ಎಂದು ಅತ್ತೆ ಅದನ್ನು ದೂರ ಸರಿಸಿದರು.

ಚಾಚಿದ ಕೈ ವಾಪಸ್ ಹೋಗಲಿಲ್ಲ. ಅದು ಅತ್ತೆಯ ಒದ್ದೆ ಕೈಯನ್ನು ಹಿಡಿದುಕೊಂಡಿತು. ಸೊಸೆ ಎದುರಿಗಿದ್ದಾಳೆಂದು ಅತ್ತೆಯ ಮುಖ ಕೆಂಪಾಯಿತು, ಆದರೂ ಅವರು ಕೈ ಬಿಡಿಸಿಕೊಳ್ಳಲಿಲ್ಲ.