ಮೊಟ್ಟೆ ಬಡಗಿಯ ಕೊನೆಯ ಚೌಕಟ್ಟು

“ಓರೆ ಮಾಡ್ರೋ, ಓರೆ! ಬಾಗಿಲು ಕಿತ್ತುಬಂದ್ರೆ ರಿಪೇರಿ ಮಾಡೋನು ಒಳಗೆ ಮಲಗಿದ್ದಾನೆ,” ಎಂದರು ಸೋದರತ್ತೆ. ಮರಗೆಲಸದ ಬೆಂಚು ಹೊತ್ತು ಹೊಸ್ತಿಲಲ್ಲಿ ಸಿಕ್ಕಿಕೊಂಡಿದ್ದ ಇಬ್ಬರೂ ಕಿಸಕ್ಕನೆ ನಕ್ಕರು. ಮಗಳಿಗೂ ನಗು ಬಂತು, ಬೆಳಗಿನಿಂದ ಮೊದಲ ಸಲ.

ತೀರಿಕೊಂಡ ಅಪ್ಪನನ್ನು ನೋಡಲು ಬಂದವರು ಕೂರಲೆಂದು ಅವನ ಕೆಲಸದ ಕೋಣೆಯನ್ನು ತೆರವು ಮಾಡುತ್ತಿದ್ದರು. ಹಳೆಯ ಕಟ್ಟಡಗಳಲ್ಲಿರುವಂಥ ದುಂಡು ಕಿಟಕಿ, ಅಂಡಾಕಾರದ ಗವಾಕ್ಷಿ ಹೊಸ ಮನೆಗೂ ಬೇಕೆನ್ನುವವರೆಲ್ಲ ಅವನ ಹತ್ತಿರವೇ ಬರುತ್ತಿದ್ದರು. ಹಾಗಾಗಿ ಊರಿಗೆಲ್ಲ ಅವನು ಮೊಟ್ಟೆ ಬಡಗಿ. ಮಗಳು ಓದು ಮುಗಿಸಿದವಳೇ ಅವನ ಪಕ್ಕದಲ್ಲಿ ಉಳಿ ಹಿಡಿದಿದ್ದಳು.

ಹಳೇ ಗ್ರಂಥಾಲಯವನ್ನು ದುರಸ್ತಿ ಮಾಡಿಸುತ್ತಿದ್ದ ಗುತ್ತಿಗೆದಾರ ಹೂ ಇಟ್ಟು, ಅವಳ ಬಳಿ ಬಂದು ದನಿ ತಗ್ಗಿಸಿದ.

“ಇವತ್ತು ಹೇಳಬಾರದು, ತಪ್ಪು ತಿಳ್ಕೋಬೇಡಮ್ಮ. ಮೆಟ್ಟಿಲ ಮೇಲಿನ ಆ ಕಿಟಕಿಗೆ ನಾಳೆ ಇಟ್ಟಿಗೆ ಕಟ್ಟಿಸಿಬಿಡ್ತೀನಿ. ಅವರು ಮಾಡಿದ ಚೌಕಟ್ಟು ಕೂರಲೇ ಇಲ್ಲವಲ್ಲ. ವಯಸ್ಸಾಗಿತ್ತು, ಪಾಪ, ಕೈ ತಪ್ಪಿದೆ.”

“ನಾನು ಮಾಡಿಕೊಡ್ತೀನಿ.”

“ನಿಂಗೆ ಕಲಿಸಿದ್ದೂ ಅವರೇ ತಾನೆ?”



*

ಹೋದ ವಾರ ಅಪ್ಪ ಏಣಿಯ ಮೇಲೆ ನಿಂತು ಚೌಕಟ್ಟನ್ನು ಆ ಕಂಡಿಗೆ ಒತ್ತಿದ್ದ. ಮೇಲೆ, ಕೆಳಗೆ, ಎರಡು ಪಕ್ಕಗಳಲ್ಲಿ ಸರಿಯಾಗಿ ತಾಗಿತು. ನಡುವಿನ ನಾಲ್ಕು ತಿರುವುಗಳಲ್ಲಿ ಮಾತ್ರ ಬೆರಳು ತೂರುವಷ್ಟು ಸಂದು. ಅದರಿಂದ ಬೆಳಕು ಕತ್ತರಿಸಿದ ಉಗುರಿನಂತೆ ಕಾಣುತ್ತಿತ್ತು. ಚೌಕಟ್ಟು ಕತ್ತರಿಸಿದ್ದು, ಎರಡು ಮೊಳೆ ಹೊಡೆದು, ಸಡಿಲ ದಾರ ಕಟ್ಟಿ, ಪೆನ್ಸಿಲ್ಲಿನಿಂದ ದಾರ ಬಿಗಿಹಿಡಿದು ಸುತ್ತ ಎಳೆದ ಗೆರೆಯ ಮೇಲೆ. ಯಾವತ್ತೂ ಹಾಗೇ ಎಳೆದವನು. ಅಪ್ಪ ಚೌಕಟ್ಟು ಹೊತ್ತು ಇಳಿದ. ಮನೆಗೆ ಬಂದು ಅಂಗೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡು, “ಇವುಗಳ ಕತೆ ಮುಗೀತು ಕಣೇ,” ಎಂದ.

*

“ಮೂಲೆಯಿಲ್ಲದ ಕಿಟಕೀಲಿ ಜೇಡಕ್ಕೆ ಬಾಡಿಗೆ ಮನೆ ಸಿಗಲ್ಲ ಅಂತ ಕೊಚ್ಚಿಕೊಳ್ತಿದ್ದ,” ಎಂದು ಬಂದವರ ನಡುವೆ ಕೂತು ನೆನೆಯುತ್ತಿದ್ದ ಗಾರೆ ಮಾಮ. ಅಪ್ಪನ ಹಳೇ ಜೊತೆಗಾರ. “ಎಂಥ ಹಟಮಾರಿ! ಅವನು ಚೌಕಟ್ಟು ನಿಲ್ಲಿಸ್ತಿದ್ದ, ನಾನು ಅದರ ಸುತ್ತ ಇಟ್ಟಿಗೆ ಕಟ್ಟಬೇಕಿತ್ತು. ಒಂದು ಸಲನಾದ್ರೂ ಅವನು ನನ್ನ ಗೋಡೆಗೆ ತಗ್ಗಲಿಲ್ಲ.”

ಮಗಳು ತಲೆಯೆತ್ತಿದಳು. “ಒಂದು ಸಲಾನೂ?”

“ಹ್ಞೂಂ. ಯಾವಾಗ್ಲೂ ಚೌಕಟ್ಟೇ ಮೊದಲು.”

“ಹಾಗಾದ್ರೆ ಗ್ರಂಥಾಲಯದ ಆ ಹಳೇ ಗೋಡೆ ಕಟ್ಟಿದವರು ಮೊಟ್ಟೇನ ಹ್ಯಾಗೆ ಎಳೆದಿರ್ತಾರೆ, ಮಾಮ?”

“ಕೈವಾರದಲ್ಲಿ. ತುದಿಗಳಿಗೆ ಎರಡು ಸಣ್ಣ ಕಮಾನು, ಪಕ್ಕಗಳಿಗೆ ಎರಡು ದೊಡ್ಡವು. ಸೇರಿಸಿದ್ರೆ ಆಯ್ತು. ದಾರ ಹಿಡಿಯೋದೆಲ್ಲ ನಿಮ್ಮ ಬಡಗಿಗಳ ಚಾಳಿ.”

ಅವಳು ಸೀಮೆಸುಣ್ಣ ತಂದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ಒಂದೇ ಉದ್ದ, ಒಂದೇ ಅಗಲ; ಮೊದಲು ದಾರದಲ್ಲಿ ಎಳೆದಳು, ಅದರ ಮೇಲೆಯೇ ಕೈವಾರದಲ್ಲಿ.

“ಅಪ್ಪನ್ನ ಮಲಗಿಸಿಕೊಂಡು ಲೆಕ್ಕ ಮಾಡ್ತೀಯೇನೇ!” ಅತ್ತೆ ಗದರಿದರು. ಆದರೆ ಅವರೂ ಬಗ್ಗಿ ನೋಡಿದರು.

ಮೇಲೆ, ಕೆಳಗೆ, ಎರಡು ಪಕ್ಕಗಳಲ್ಲಿ ಎರಡೂ ಗೆರೆಗಳು ಒಂದಾಗಿದ್ದವು. ತಿರುವುಗಳಲ್ಲಿ ಮಾತ್ರ ಕೈವಾರದ ಗೆರೆ ತುಸು ಹೊರಕ್ಕೆ ಉಬ್ಬಿ, ನಡುವೆ ಉಗುರಿನಂಥ ಸಂದು ಬಿಟ್ಟಿತ್ತು.

ಅವಳು ಅಪ್ಪನ ಕಿವಿಯ ಬಳಿ ಬಾಗಿದಳು. “ತಪ್ಪಿದ್ದು ನಿನ್ನ ಕೈಯಲ್ಲಪ್ಪಾ, ದಾರ. ಕೈ ಚೆನ್ನಾಗೇ ಇತ್ತು.” ಆಮೇಲೆ ಗುತ್ತಿಗೆದಾರನತ್ತ ತಿರುಗಿದಳು. “ಇಟ್ಟಿಗೆ ಬೇಡ. ಈ ಸಲ ಗೋಡೆಗೆ ನಾವು ತಗ್ಗ್ತೀವಿ.”

ಗುತ್ತಿಗೆದಾರ ನೆಲವನ್ನು ನೋಡುತ್ತ ಕತ್ತು ತುರಿಸಿಕೊಂಡ. “ಇವತ್ತೇ ಅಳತೆ ತಗೊಂಡ್ರೆ ನಾಳೆಯ ಗಾರೆಯವರನ್ನ ಬೇಡ ಅಂತೀನಿ.”

*

ಅಪ್ಪನನ್ನು ಮಣ್ಣಿಗಿಟ್ಟು ಅವರು ನೆಟ್ಟಗೆ ಗ್ರಂಥಾಲಯಕ್ಕೆ ಬಂದರು. ಕಂಡಿಯನ್ನು ಪೂರಾ ಮುಚ್ಚುವಂಥ ಕಂದು ಕಾಗದದ ಹಾಳೆಯನ್ನು ಗಾರೆ ಮಾಮ ಒಂದು ಕಡೆಯಿಂದ, ಗುತ್ತಿಗೆದಾರ ಇನ್ನೊಂದು ಕಡೆಯಿಂದ ಗೋಡೆಗೆ ಒತ್ತಿಹಿಡಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಮಗಳು ಹತ್ತಿದ ಏಣಿಗೆ ಆತುಕೊಂಡು ನಿಂತರು. ಹೊರಗಿನ ಸಂಜೆಬಿಸಿಲು ಹಿಂದಿನಿಂದ ಬಿದ್ದು, ಕಾಗದದ ನಡುವೆ ಅಂಡಾಕಾರವೊಂದು ಬೆಚ್ಚಗೆ ಹೊಳೆಯಿತು. ಮಗಳು ಪೆನ್ಸಿಲ್ಲನ್ನು ಬೆಳಕಿನ ಅಂಚಿಗೆ ತಾಗಿಸಿ, ಗೋಡೆ ತಿರುಗಿದ ಕಡೆಗೆಲ್ಲ ಕೈ ತಿರುಗಿಸುತ್ತ, ನಿಧಾನವಾಗಿ ಸುತ್ತತೊಡಗಿದಳು.